ಗವರ್ನರ್ ಮನೆಯ ಅಡುಗೆಯವನು

ಗವರ್ನರ್ ಮನೆಯಲ್ಲಿ ಅಡುಗೆ ಮಾಡುವವರು, ಹುಲ್ಲು ಕತ್ತರಿಸುವವರು, ಕಾರು ತೊಳೆಯುವವರು ಎಲ್ಲರೂ ಕೊಲೆ ಮಾಡಿ ಜೈಲು ಸೇರಿದವರು ಎಂಬುದು ಅಮೆರಿಕದ ದಕ್ಷಿಣದ ಆ ರಾಜ್ಯದಲ್ಲಿ ಯಾರಿಗೂ ಹೊಸ ಸಂಗತಿಯಲ್ಲ. ಉತ್ತರದ ಕಡೆಯವರು ಕೇಳಿದರೆ ಹುಬ್ಬೇರಿಸುತ್ತಾರೆ. ಇಲ್ಲಿಯವರು ಅದಕ್ಕೊಂದು ನ್ಯಾಯ ಹೇಳುತ್ತಾರೆ. ಕಳ್ಳನನ್ನು ತಂದಿಟ್ಟುಕೊಂಡರೆ ಬೆಳ್ಳಿ ಚಮಚ ಉಳಿಯುವುದಿಲ್ಲ, ಕುಡುಕನನ್ನು ಇಟ್ಟುಕೊಂಡರೆ ಅತಿಥಿಗಳ ಬಾಟಲಿ ಉಳಿಯುವುದಿಲ್ಲ. ಆದರೆ ಜೀವಮಾನದಲ್ಲಿ ಒಂದೇ ಒಂದು ಸಲ ಕೈ ಮೀರಿ ಕೊಲೆ ಮಾಡಿದವನು ಉಳಿದ ಆಯುಷ್ಯವನ್ನೆಲ್ಲ ತಲೆ ತಗ್ಗಿಸಿಕೊಂಡೇ ಕಳೆಯುತ್ತಾನೆ. ಅವನ ಕೈಗೆ ಚಾಕು ಕೊಟ್ಟರೂ ಈರುಳ್ಳಿಯನ್ನಷ್ಟೇ ಹೆಚ್ಚುತ್ತಾನೆ, ಅಂತ.

ಆದ್ದರಿಂದ ಮೇವಿನಂಗಡಿಯ ಡೆಲ್ಬರ್ಟ್ ಮಿಮ್ಸ್ ಕೋಳಿ ಶೆಡ್ಡಿನ ಬಾಗಿಲಲ್ಲಿ ನಿಂತು, ಟೋಪಿ ತೆಗೆದು, ಗಂಟಲು ಸರಿಮಾಡಿಕೊಂಡು, "ಮಿಸ್ ಅರ್ವೆಲಾ, ನಿಮ್ಮ ತಮ್ಮನ್ನ ಕೊಂದ ಆ ಕ್ಲೀಟಸ್ ವಾರ್ಡ್ ಇದಾನಲ್ಲ, ಅವನು ಈಗ ಗವರ್ನರ್ ಮನೆ ಅಡುಗೆಮನೇಲಿದಾನೆ" ಎಂದಾಗ ಅರ್ವೆಲಾ ಬೆಚ್ಚಿಬೀಳಲಿಲ್ಲ. ಬೆಳಗಿನ ಸುತ್ತಿನಲ್ಲಿ ಸಿಕ್ಕಿದ ಸತ್ತ ಮರಿಗಳನ್ನು ಬಕೆಟ್ಟಿಗೆ ಹಾಕಿ, ಕೈಗವಸು ಕಳಚಿದಳು.

"ಏನು ಅಡುಗೆ ಮಾಡ್ತಾನೆ?" ಎಂದು ಕೇಳಿದಳು.

ಡೆಲ್ಬರ್ಟ್ ಈ ಪ್ರಶ್ನೆಗೆ ತಯಾರಾಗಿ ಬಂದಿರಲಿಲ್ಲ. ಅತ್ತರೆ ಏನು ಹೇಳಬೇಕು, ರೇಗಿದರೆ ಎಷ್ಟು ದೂರ ನಿಲ್ಲಬೇಕು ಎಂಬುದನ್ನೆಲ್ಲ ಪಿಕಪ್ಪಿನಲ್ಲಿ ಬರುತ್ತಾ ಯೋಚಿಸಿದ್ದ.

"ಎಲ್ಲಾ ಮಾಡ್ತಾನಂತೆ. ಬೆಳಗ್ಗೆ ಮಜ್ಜಿಗೆ ಹಾಕಿ ಬನ್ನು, ಮಧ್ಯಾಹ್ನ ಅಲಸಂದೆ, ಹುರಿದ ಬೆಂಡೆಕಾಯಿ. ಸಾಹೇಬ್ರು ಬೆಲ್ಟಿಗೆ ಹೊಸ ತೂತು ಹೊಡೆಸಿದಾರೆ."

"ಅಡುಗೆ ಯಾರು ಕಲಿಸಿದ್ರು ಅವನಿಗೆ?"

"ಅದು... ನಾನು ಕೇಳಲಿಲ್ಲ."

"ಕೇಳಬೇಕಿತ್ತು" ಎಂದಳು ಅರ್ವೆಲಾ, ಅಂಗಡಿಗೆ ಕಳಿಸಿದ ಹುಡುಗ ಉಪ್ಪು ಮರೆತು ಬಂದಾಗ ಹೇಳುವ ಧಾಟಿಯಲ್ಲಿ. ಚಿಕ್ಕಂದಿನಿಂದ ಅವಳ ಸ್ವಭಾವವೇ ಹಾಗೆ. ಏನಾಯಿತು ಎಂಬುದಕ್ಕಿಂತ ಅದು ಹೇಗಾಯಿತು, ಯಾಕೆ ಹಾಗೇ ಆಯಿತು ಎಂಬುದರ ಬೆನ್ನು ಹತ್ತುವವಳು. ಅರವತ್ತು ದಾಟಿದ ಮೇಲೂ ಅದು ಕಡಿಮೆಯಾಗಿರಲಿಲ್ಲ.

ಜಗಲಿಯಲ್ಲಿ ಕೂರಿಸಿ, ಸಕ್ಕರೆ ಹಾಕಿದ ತಣ್ಣನೆಯ ಚಹಾ ಕೊಟ್ಟಳು. ಡೆಲ್ಬರ್ಟ್ ಆ ಜಿಲ್ಲೆಯಲ್ಲಿ, ಜನರ ಓಟಿನಿಂದ ಗೆದ್ದ ಗವರ್ನರ್ ಹೇಗುಡ್ ಪರವಾಗಿ ಎಲೆಕ್ಷನ್ ನಡೆಸುವವನು. ಹೇಗುಡ್ ಮೊದಲು ದನದ ಡಾಕ್ಟರಾಗಿದ್ದವರು, ಪಕ್ಕದ ಜಿಲ್ಲೆಯವರು. ಇಬ್ಬರ ದೋಸ್ತಿ ಮೇವಿನಂಗಡಿಯ ಕಾಲದ್ದು.

"ಸಾಹೇಬ್ರಿಗೆ ಅವನನ್ನ ಬಿಡುಗಡೆ ಮಾಡಬೇಕು ಅಂತಿದೆ" ಎಂದ ಡೆಲ್ಬರ್ಟ್.

"ಮಾಡಲಿ. ಎಲ್ಲಾ ಗವರ್ನರೂ ಮನೆ ಖಾಲಿ ಮಾಡೋ ದಿನ ಮನೆ ಆಳುಗಳನ್ನ ಬಿಡುಗಡೆ ಮಾಡೇ ಹೋಗ್ತಾರಲ್ಲ."

"ಅದೇ ತೊಂದರೆ ಈಗ. ಇವರು ಆ ದಿನದವರೆಗೆ ಕಾಯಲ್ಲ ಅಂತಾರೆ. ಈ ಬೇಸಿಗೇಲೇ ಬಿಡಬೇಕಂತೆ. ನವೆಂಬರಿಗೆ ಎಲೆಕ್ಷನ್ನು."

"ತಲೆ ಸರಿ ಇದೆಯಾ ಅವರಿಗೆ?"

"ನಾನೂ ಅದನ್ನೇ ಸ್ವಲ್ಪ ಮರ್ಯಾದೆಯಾಗಿ ಕೇಳಿದೆ."

ಹೇಗುಡ್ ಅವರಿಗಿಂತ ಬಹಳ ಹಿಂದೆ ಇದ್ದ ಒಬ್ಬ ಗವರ್ನರ್ ಕತೆ ಇಬ್ಬರಿಗೂ ಗೊತ್ತಿತ್ತು. ಆತ ದಯೆ ತೋರಿ ಬಿಟ್ಟವನೊಬ್ಬ ವರ್ಷ ತುಂಬುವುದರೊಳಗೆ ಇನ್ನೊಂದು ಹೆಣ ಬೀಳಿಸಿದ. ಬಿಟ್ಟವರಲ್ಲಿ ಉಳಿದವರೆಲ್ಲ ಬಡಗಿ ಕೆಲಸವನ್ನೋ ಗ್ಯಾರೇಜು ಕೆಲಸವನ್ನೋ ಮಾಡಿಕೊಂಡು ಮೊಮ್ಮಕ್ಕಳನ್ನು ಆಡಿಸುತ್ತಿದ್ದರು. ಅವರ ಹೆಸರು ಯಾರಿಗೂ ನೆನಪಿಲ್ಲ. ಆ ಒಬ್ಬನ ಹೆಸರನ್ನು ಮಾತ್ರ ಶಾಲೆಯ ಮಕ್ಕಳೂ ಹೇಳುತ್ತಿದ್ದರು. ಆ ಗವರ್ನರ್ ಆಮೇಲೆ ತನ್ನೂರಿನ ಶಾಲಾ ಸಮಿತಿಗೆ ನಿಂತು ಅದರಲ್ಲೂ ಸೋತ.

"ನಾನು ಎಲ್ಲಾ ಕಡೆ ಕೇಳಿ ನೋಡಿದೆ" ಎಂದ ಡೆಲ್ಬರ್ಟ್. "ದನದ ಹರಾಜು, ಕ್ಷೌರದಂಗಡಿ, ಚರ್ಚಿನ ಮೆಟ್ಟಿಲು. ಹೋದಲ್ಲೆಲ್ಲ ಒಂದೇ ಮಾತು. 'ನನಗೇನಿಲ್ಲಪ್ಪ, ಆದ್ರೆ ಜನ ಒಪ್ಪಲ್ಲ.' ಸರಿ, ಆ ಜನ ಯಾರು ನೋಡೇಬಿಡೋಣ ಅಂತ ಹುಡುಕ್ಕೊಂಡು ಹೊರಟೆ. ಒಬ್ಬನೂ ಸಿಗಲಿಲ್ಲ."

ಅರ್ವೆಲಾಗೆ ನಗು ಬಂತು. "ಅದಕ್ಕೆ ನಾನೇ ಆ ಜನ ಇರಬಹುದು ಅಂತ ಇಲ್ಲಿಗೆ ಬಂದೆಯಾ?"

"ನೀವು ಸರಿ ಅಂದ್ರೆ ಬೇರೆ ಯಾರೂ ತುಟಿ ಬಿಚ್ಚಲ್ಲ, ಮಿಸ್ ಅರ್ವೆಲಾ. ನೀವು ಬೇಡ ಅಂದ್ರೆ ಸಾಹೇಬ್ರು ಕೈಬಿಡ್ತಾರೆ. ಅವರ ಬಾಯಿಂದಲೇ ಬಂದ ಮಾತು. ಅವನು ಹೊರಗೆ ಬರೋದೂ ಒಳಗೇ ಇರೋದೂ ನಿಮ್ಮ ಮೇಲಿದೆ."

ಅರ್ವೆಲಾ ಸ್ವಲ್ಪ ಹೊತ್ತು ಶೆಡ್ಡುಗಳ ಕಡೆ ನೋಡಿದಳು. ದೊಡ್ಡ ಫ್ಯಾನುಗಳು ಒಂದೇ ಸಮನೆ ಗುಂಯ್‌ಗುಡುತ್ತಿದ್ದವು.

"ಅವನ ಕೈ ಅಡುಗೆ ಒಂದು ಸಲ ಊಟ ಮಾಡಬೇಕು ನಾನು. ಆಮೇಲೆ ಹೇಳ್ತೀನಿ."

ಡೆಲ್ಬರ್ಟ್ ಚಹಾ ಲೋಟವನ್ನು ಮೆಲ್ಲಗೆ ಕೆಳಗಿಟ್ಟ.

ಗಂಡ ಗೇಲನ್‌ಗೆ ಈ ಸುದ್ದಿಯನ್ನು ಅವಳು ಊಟದ ಮಧ್ಯೆ ಹೇಳಿದಳು. ಅವನು ತಟ್ಟೆಯಲ್ಲಿದ್ದುದನ್ನು ಪೂರ್ತಿ ಮುಗಿಸಿದ.

"ನೀನು ಹೋಗಿ ಬರೋದು ಅನ್ನ ತಿನ್ನೋಕಲ್ಲ" ಎಂದ ಕೊನೆಗೆ. "ಆ ಹಳೇ ಪ್ರಶ್ನೆ ಕೇಳೋಕೆ."

"ಹೌದು."

"ಸ್ವರ್ಗಕ್ಕೆ ಹೋದ್ರೂ ನೀನು ಒಳಗೆ ಹೋಗಲ್ಲ ಕಣೆ. ಬಾಗಿಲಲ್ಲೇ ನಿಂತು ಈ ಬಾಗಿಲಿನ ಕೀಲು ಯಾರು ಹಾಕಿದ್ದು ಅಂತ ವಿಚಾರಿಸ್ತಾ ಇರ್ತೀಯ."

"ನೀನು ಒಳಗೆ ಹೋಗಿ ಜಾಗ ಹಿಡಿದಿರು."

ಗೇಲನ್ ನಗಲಿಲ್ಲ. "ನನ್ನ ಕೇಳಿದ್ರೆ ಅವನು ಅಲ್ಲೇ ಇರಲಿ. ಹೋಬರ್ಟ್ ಮಣ್ಣಲ್ಲಿದಾನೆ. ಇವನು ಬೆಂಡೆಕಾಯಿ ಹುರೀತಿದಾನೆ. ಇಷ್ಟು ದಯೆ ಸಾಲದಾ?"

ಅವಳಿಗೂ ಅದು ತಪ್ಪು ಮಾತೆನಿಸಲಿಲ್ಲ. ಎದ್ದು ತಟ್ಟೆಗಳನ್ನು ಎತ್ತಿದಳು.

ಹೋಬರ್ಟ್ ಅವಳ ಒಬ್ಬನೇ ತಮ್ಮ, ಮದುವೆಯಾಗದವನು. ಕೂಡುರಸ್ತೆಯಲ್ಲಿ ಅಪ್ಪ ಬಿಟ್ಟುಹೋದ ಅಂಗಡಿ ನಡೆಸುತ್ತಿದ್ದ. ಮುಂದೆ ಪೆಟ್ರೋಲು ಪಂಪು, ಒಳಗೆ ಹಿಟ್ಟು, ಮೊಳೆ, ಗಾಳ, ಬಿಯರು. ಇಪ್ಪತ್ತೈದು ವರ್ಷದ ಹಿಂದೆ ಒಂದು ಸಂಜೆ, ಅಂಗಡಿ ಮುಚ್ಚುವ ಹೊತ್ತಿಗೆ, ಇಪ್ಪತ್ತರ ಹುಡುಗ ಕ್ಲೀಟಸ್ ವಾರ್ಡ್ ಪಿಸ್ತೂಲು ಹಿಡಿದು ಒಳಗೆ ಬಂದ, ದುಡ್ಡು ಕೊಡು ಅಂದ. ಹೋಬರ್ಟ್ ಗಲ್ಲಾ ತೆಗೆದು ನೋಟುಗಳನ್ನು ಮೇಜಿನ ಮೇಲಿಟ್ಟ. ಆಮೇಲೆ ಮೇಜಿನ ಕೆಳಕ್ಕೆ ಬಗ್ಗಿದ. ಕ್ಲೀಟಸ್ ಗುಂಡು ಹೊಡೆದ. ಕೆಳಗಿನಿಂದ ಬಂದೂಕು ತೆಗೀತಾನೆ ಅಂದುಕೊಂಡೆ ಅಂತ ಕೋರ್ಟಿನಲ್ಲಿ ಹೇಳಿದ. ಮೇಜಿನ ಕೆಳಗೆ ಬಂದೂಕು ಇರಲಿಲ್ಲ. ಇದ್ದದ್ದು ಕಾಗದದ ಚೀಲಗಳು ಮಾತ್ರ.

ಇದರ ಅರ್ಥ ಅರ್ವೆಲಾಗೆ ಆವತ್ತೇ ಹೊಳೆದಿತ್ತು. ಅವರ ಕಡೆ ಬಿಯರು ಕುಡಿಯುವವರು ಬೇಕಾದಷ್ಟು ಜನ, ಕುಡಿಯುತ್ತೇನೆಂದು ಒಪ್ಪಿಕೊಳ್ಳುವವರು ಯಾರೂ ಇಲ್ಲ. ಭಾನುವಾರ ಎಲ್ಲರೂ ಒಂದೇ ಚರ್ಚಿನಲ್ಲಿ ಸಾಲಾಗಿ ಕೂರಬೇಕು. ಆದ್ದರಿಂದ ಅಂಗಡಿಯವರು ಏನನ್ನೇ ಕೊಡಲಿ, ಬೆಂಕಿಪೆಟ್ಟಿಗೆಯೇ ಆಗಲಿ, ಚೀಲಕ್ಕೆ ಹಾಕದೆ ಕೊಡುವುದಿಲ್ಲ. ಬಿಯರು ಕೊಂಡವನೂ ಬ್ರೆಡ್ಡು ಕೊಂಡವನೂ ಹೊರಗೆ ಹೋಗುವಾಗ ಒಂದೇ ರೀತಿ ಕಾಣಬೇಕು. ಗಿರಾಕಿಯ ಕೈಗೆ ಏನನ್ನೂ ಬರಿದೇ ಕೊಡಬೇಡಿ ಅಂತ ಅಪ್ಪ ಇಬ್ಬರಿಗೂ ಕಿವಿ ಹಿಂಡಿ ಕಲಿಸಿದ್ದ. ಹೋಬರ್ಟ್ ಬಗ್ಗಿದ್ದು ಚೀಲ ತೆಗೆಯುವುದಕ್ಕೆ, ದರೋಡೆಗೆ ಬಂದವನ ನೋಟುಗಳನ್ನು ಮುಚ್ಚಿ ಕೊಡುವುದಕ್ಕೆ. ಹಾಗಂತ ಅವಳ ನಂಬಿಕೆ. ಕ್ಲೀಟಸ್ ಆ ಊರಿನವನಲ್ಲ, ಮರದ ಮಿಲ್ಲಿನ ಪೇಟೆಯವನು. ಅಲ್ಲಿ ಯಾರೂ ಏನನ್ನೂ ಮುಚ್ಚಿ ಒಯ್ಯುವುದಿಲ್ಲ. ಅವನಿಗೆ ಗೊತ್ತಾಗಲಿಲ್ಲ.

ಆದರೆ ಅದು ನಂಬಿಕೆ ಮಾತ್ರ. ಹೋಬರ್ಟ್ ಬಗ್ಗುವಾಗ ಏನಾದರೂ ಅಂದನೇ? 'ತಾಳು, ಚೀಲ ಕೊಡ್ತೀನಿ' ಅಂದನೇ? ಅಂದಿದ್ದರೆ ಹುಡುಗ ಅದನ್ನು ಕೇಳಿಯೂ ಹೊಡೆದನೇ? ಆ ಅಂಗಡಿಯಲ್ಲಿ ಇದ್ದವರು ಇಬ್ಬರೇ. ಉಳಿದವನು ಒಬ್ಬನೇ.

ರಾಜಧಾನಿಗೆ ಡೆಲ್ಬರ್ಟನೇ ಕರೆದುಕೊಂಡು ಹೋದ. ಗೇಲನ್ ಬರಲಿಲ್ಲ, ಕೋಳಿ ನೋಡಿಕೊಳ್ಳುವವರು ಯಾರು ಎಂದ. ಗವರ್ನರ್ ಮನೆ ಬಿಳಿ ಕಂಬಗಳ ದೊಡ್ಡ ಮನೆ. ಅಂಗಳದಲ್ಲಿ ಕೈದಿಗಳ ಪಟ್ಟೆ ಪ್ಯಾಂಟು ತೊಟ್ಟವನೊಬ್ಬ ಗುಲಾಬಿ ಗಿಡದ ಟೊಂಗೆ ಸವರುತ್ತಿದ್ದ. ಅರ್ವೆಲಾ ಅವನಿಗೆ ನಮಸ್ಕಾರ ಹೇಳಿದಳು. ಅವನೂ ಟೋಪಿ ತೆಗೆದು, "ಬಿಸಿಲು ಜೋರಮ್ಮಾ" ಎಂದ.

"ಇವನು ಯಾರನ್ನ ಕೊಂದಿದ್ದು?" ಎಂದು ಅವಳು ಡೆಲ್ಬರ್ಟನ ಕಿವಿಯಲ್ಲಿ ಕೇಳಿದಳು.

"ದೇವ್ರಾಣೆಗೂ ಅವನನ್ನ ಕೇಳೋಕೆ ಹೋಗಬೇಡಿ."

ಮೇಜಿಗೆ ಕೂತವರು ಮೂವರೇ. ಹೇಗುಡ್ ದೊಡ್ಡ ಕೈಗಳ ಮನುಷ್ಯ. ಸೂಟು ಹಾಕಿಕೊಂಡಿದ್ದರೂ ಈಗ ತಾನೇ ತೋಳು ಮಡಿಸಿ ಕೊಟ್ಟಿಗೆಗೆ ಹೊರಟವರಂತೆ ಕಾಣುತ್ತಿದ್ದರು. ಅವರ ಕಡೆಯ ಜನ ಅವರನ್ನು ಈಗಲೂ ಡಾಕ್ಟ್ರೇ ಎಂದೇ ಕರೆಯುವುದು. ಅಲಸಂದೆ ಬಂತು, ಮೆಕ್ಕೆಜೋಳದ ಬಿಸಿ ರೊಟ್ಟಿ ಬಂತು, ಬೆಂಡೆಕಾಯಿ, ಹಂದಿ ಮಾಂಸದ ತುಂಡು ಹಾಕಿ ಬೇಯಿಸಿದ ಸೊಪ್ಪು ಬಂತು. ತಂದಿಟ್ಟವನು ಬೇರೆಯವನು. ಅರ್ವೆಲಾ ಒಂದೊಂದನ್ನೂ ಬಾಯಲ್ಲಿ ನಿಲ್ಲಿಸಿಕೊಂಡು ತಿಂದಳು. ಗಂಟಲಲ್ಲಿ ಇಳಿಯಲಾರದು ಎಂದುಕೊಂಡು ಬಂದಿದ್ದಳು, ಇಳಿಯಿತು. ಸೊಪ್ಪು ಅವಳ ಅಮ್ಮ ಮಾಡುತ್ತಿದ್ದುದಕ್ಕಿಂತ ಚೆನ್ನಾಗಿತ್ತು. ಅದು ಅವಳಿಗೆ ಸ್ವಲ್ಪ ಕಸಿವಿಸಿ ತಂದಿತು.

ಊಟ ಮಾಡಿದ ಮನೆಯಲ್ಲಿ ತಟ್ಟೆ ಎತ್ತದೆ ಏಳುವ ಹೆಂಗಸು ಅವರ ಕಡೆ ಇಲ್ಲ. ಅದು ಗವರ್ನರ್ ಮನೆಯಾದರೂ ಅಷ್ಟೆ. ಬಾಗಿಲಲ್ಲಿದ್ದ ಪೊಲೀಸು ಒಂದು ಹೆಜ್ಜೆ ಮುಂದೆ ಬಂದ. ಹೇಗುಡ್ ಬೆರಳಿನಿಂದಲೇ ತಡೆದರು. ಅರ್ವೆಲಾ ತನ್ನ ತಟ್ಟೆ, ಡೆಲ್ಬರ್ಟನ ತಟ್ಟೆ, ಗವರ್ನರರ ತಟ್ಟೆ ಮೂರನ್ನೂ ಒಂದರ ಮೇಲೊಂದು ಪೇರಿಸಿಕೊಂಡು ಅಡುಗೆಮನೆಗೆ ಹೋದಳು.

ಒಲೆಯ ಹತ್ತಿರ ನಿಂತಿದ್ದವನಿಗೆ ಕಿವಿಯ ಪಕ್ಕದಲ್ಲಿ ನರೆ ಬಂದಿತ್ತು. ಕೋರ್ಟಿನಲ್ಲಿ ನೋಡಿದ್ದ ತೆಳ್ಳನೆಯ ಹುಡುಗನನ್ನು ಅವಳು ಅವನ ಮುಖದಲ್ಲಿ ಹುಡುಕಿದಳು; ಕಿವಿಗಳು ಮಾತ್ರ ಅವೇ. ಅವನು ಅವಳನ್ನು ಕೂಡಲೇ ಗುರುತಿಸಿದ. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, ಎರಡೂ ಕೈಗಳನ್ನು ಅವಳಿಗೆ ಕಾಣುವಂತೆ ಮೇಜಿನ ಮೇಲೆ ಊರಿದ. ಜೈಲಿನಲ್ಲಿ ಕಲಿತ ಅಭ್ಯಾಸವಿರಬೇಕು ಎಂದು ಅವಳಿಗೆ ಅನಿಸಿತು.

"ಸೊಪ್ಪಿಗೆ ಏನು ಹಾಕ್ತೀಯ?" ಎಂದಳು.

"ಕೊನೇಲಿ ಒಂಚೂರು ವಿನೆಗರಮ್ಮಾ. ಒಲೆ ಆರಿಸಿದ ಮೇಲೆ."

"ಯಾರು ಕಲಿಸಿದ್ದು?"

"ಒಳಗೆ ಒಬ್ಬ ಮುದುಕ ಇದ್ದ. ಅವನು ಹಡಗಿನಲ್ಲಿ ಅಡುಗೆ ಮಾಡ್ತಿದ್ದೋನು. ಅವನ ಕಣ್ಣು ಹೋದ ಮೇಲೆ ನಾನು ಅವನ ಕಣ್ಣಾದೆ. ಅವನು ಹೇಳೋನು, ನಾನು ಮಾಡೋನು."

ಅವಳು ತಟ್ಟೆಗಳನ್ನು ತೊಟ್ಟಿಗಿಟ್ಟಳು. ಕ್ಲೀಟಸ್ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಕ್ಷಮಿಸಿ ಎನ್ನಲು ಹೊರಟಿದ್ದಾನೆಂದು ಅವಳಿಗೆ ಗೊತ್ತಾಯಿತು. ಕೈ ಎತ್ತಿ ತಡೆದಳು.

"ಅದನ್ನ ನೀನು ಜೈಲಿಂದ ಕಾಗದದಲ್ಲಿ ಬರೆದಿದ್ದೆ. ಓದಿದೀನಿ. ನನಗೆ ಬೇಕಾಗಿರೋದು ಬೇರೆ. ಹೋಬರ್ಟ್ ಕೆಳಗೆ ಬಗ್ಗಿದನಲ್ಲ, ಆಗ ಏನಾದ್ರೂ ಅಂದನಾ?"

ಕ್ಲೀಟಸ್ ಒಲೆಯ ಕಡೆ ನೋಡಿದ.

"ನಮ್ಮ ಕಡೆ ಅಂಗಡಿಯವರು ಏನೇ ಕೊಟ್ರೂ ಚೀಲಕ್ಕೆ ಹಾಕಿ ಕೊಡ್ತಾರೆ" ಎಂದಳು ಅವಳು. "ಅವನು ಚೀಲ ಅಂತ ಏನಾದ್ರೂ ಅಂದನಾ? ನಿನಗೆ ಚೀಲ ತೆಗೆದು ಕೊಡೋಕೆ ಬಗ್ಗಿದನಾ?"

ಕೇಳಿದ ಕೂಡಲೇ, ಉತ್ತರವನ್ನು ನಾನೇ ಅವನ ಬಾಯಿಗೆ ಇಟ್ಟುಬಿಟ್ಟೆನಲ್ಲ ಎಂದು ನಾಲಿಗೆ ಕಚ್ಚಿಕೊಂಡಳು. ಇನ್ನು ಅವನು ಹೌದು ಎನ್ನುತ್ತಾನೆ. ಎನ್ನದೆ ಏನು? ಅವನ ಬಿಡುಗಡೆ ಅವಳ ಒಂದು ಮಾತಿನ ಮೇಲಿದೆ ಎಂದು ಈ ಮನೆಯಲ್ಲಿ ಗುಲಾಬಿ ಸವರುವವನಿಗೂ ಗೊತ್ತಿರುತ್ತದೆ. ಹೌದಮ್ಮಾ, ಚೀಲ ಅಂದರು, ನನಗೇ ತಿಳೀಲಿಲ್ಲ, ಅಂತ ಎರಡು ಹನಿ ಕಣ್ಣೀರು ಹಾಕಿದರೆ ಮುಗಿಯಿತು.

"ಗೊತ್ತಿಲ್ಲಮ್ಮಾ" ಎಂದ ಕ್ಲೀಟಸ್.

"ನೆನಪು ಮಾಡ್ಕೋ."

"ಮಾಡ್ಕೊಂಡಿದೀನಿ. ಎಷ್ಟು ವರ್ಷ ಅದನ್ನೇ ಮಾಡಿದೀನಿ. ವಕೀಲರಿಗೆ ಹೇಳಿದೆ, ಕೋರ್ಟಲ್ಲಿ ಹೇಳಿದೆ, ಪಾದ್ರಿಗೆ ಹೇಳಿದೆ, ಬಿಡುಗಡೆ ವಿಚಾರಣೆಯೋರು ಬಂದಾಗೆಲ್ಲಾ ಹೇಳಿದೆ. ಹೇಳಿ ಹೇಳಿ ನಾನು ಆವತ್ತು ನೋಡಿದ್ದು ಯಾವುದು, ಆಮೇಲೆ ಹೇಳಿದ್ದು ಯಾವುದು ಅಂತ ಬೇರೆ ಮಾಡೋಕಾಗದ ಹಾಗೆ ಆಗ್ಬಿಟ್ಟಿದೆ. ಅವರ ಬಾಯಿ ಅಲ್ಲಾಡಿತು ಅನ್ಸುತ್ತೆ ಒಂದೊಂದು ಸಲ. ಒಂದೊಂದು ಸಲ ಇಲ್ಲ." ಅವನು ಮೇಜಿನ ಮೇಲಿನ ತನ್ನ ಕೈಗಳನ್ನು ನೋಡಿದ. "ಹೌದು ಅಂದ್ರೆ ನಿಮಗೆ ಸಮಾಧಾನ ಆಗ್ತಿತ್ತೇನೋ. ನನಗೂ ಒಳ್ಳೇದಾಗ್ತಿತ್ತು. ಆದ್ರೆ ಗೊತ್ತಿಲ್ಲ."

ಅರ್ವೆಲಾ ತೊಟ್ಟಿಯ ನಲ್ಲಿ ತಿರುಗಿಸಿ ಕೈ ತೊಳೆದುಕೊಂಡಳು. ಟವೆಲಿಗೆ ಸುತ್ತ ನೋಡಿದಳು. ಅವನು ತನ್ನ ಹೆಗಲ ಮೇಲಿದ್ದುದನ್ನು ತೆಗೆದು, ಕೈಗೆ ಕೊಡದೆ, ಮೇಜಿನ ಮೇಲಿಟ್ಟು ಅವಳ ಕಡೆ ಸರಿಸಿದ. ಅವಳು ಅದರಲ್ಲಿ ಒರೆಸಿಕೊಂಡಳು.

ಗವರ್ನರ್ ತಮ್ಮ ಓದುವ ಕೋಣೆಯಲ್ಲಿ ಕಾಯುತ್ತಿದ್ದರು. ಡೆಲ್ಬರ್ಟ್ ಕಿಟಕಿಯ ಬಳಿ ಟೋಪಿಯನ್ನು ತಿರುಗಿಸುತ್ತಾ ನಿಂತಿದ್ದ.

"ಹೇಗಿತ್ತು?" ಎಂದರು ಹೇಗುಡ್.

"ಸೊಪ್ಪು ಚೆನ್ನಾಗಿತ್ತು. ಡಾಕ್ಟ್ರೇ, ಒಂದು ಹೇಳಿ. ಕೊನೇ ದಿನ ಬಿಟ್ಟಿದ್ರೆ ನಿಮಗೇನು ನಷ್ಟ?"

"ಕೊನೇ ದಿನ ಅವನನ್ನ ಬಿಡೋದು ಸರಿ ಅಂದ್ರೆ ಇವತ್ತೂ ಸರಿ. ಇವತ್ತು ತಪ್ಪು ಅಂದ್ರೆ ಕೊನೇ ದಿನವೂ ತಪ್ಪು. ದಿನ ದಿನಕ್ಕೆ ಬದಲಾಗೋದು ನನ್ನ ಹೆದರಿಕೆ ಮಾತ್ರ. ನನ್ನ ಹೆದರಿಕೆಗೋಸ್ಕರ ಅವನು ಯಾಕೆ ಒಳಗಿರಬೇಕು ಅನ್ಸುತ್ತೆ, ದಿನಾ ಬೆಳಗ್ಗೆ ಅವನು ಕಾಫಿ ತಂದಿಡುವಾಗ."

"ಕಾಫಿ ತಂದಿಡದೆ ಇರೋರು? ಜೈಲು ಹೊಲದಲ್ಲಿ ಹತ್ತಿ ಕೀಳೋರು ಎಷ್ಟು ಜನ ಇದಾರೆ? ಅವರಲ್ಲಿ ಇವನಷ್ಟೇ ಬದಲಾದೋರು ಇರಲ್ವಾ?"

ಹೇಗುಡ್ ಒಪ್ಪಿಕೊಂಡರು. "ಇರ್ತಾರೆ. ಅವರ ಮುಖ ನಾನು ನೋಡಿಲ್ಲ."

ಡೆಲ್ಬರ್ಟ್ ಕಿಟಕಿ ಬಿಟ್ಟು ಮುಂದೆ ಬಂದ. "ಮಿಸ್ ಅರ್ವೆಲಾ, ಮುಂದಿನ ತಿಂಗಳು ಸಾಹೇಬ್ರು ಟೀವಿಯವರನ್ನ ಕರೆಸ್ತಾರೆ. ನೀವು ಪಕ್ಕದಲ್ಲಿ ನಿಂತ್ರೆ ಸಾಕು. ಬಾಯಿ ಬಿಡೋದೂ ಬೇಡ. ಸತ್ತವನ ಅಕ್ಕನೇ ಒಪ್ಪಿದಾಳೆ ಅಂತ ಜನ ನೋಡಿದ್ರೆ ಆಯ್ತು."

"ಓಹೋ" ಎಂದಳು ಅರ್ವೆಲಾ. ಇಷ್ಟು ದಿನ ಕೈಗೆ ಸಿಗದಿದ್ದ ಏನೋ ಒಂದು ಈಗ ಸಿಕ್ಕಂತಾಯಿತು. "ಮಳೆಗೆ ಹಿಡಿಯೋ ಕೊಡೆ ನಾನು."

"ಏನಮ್ಮಾ?"

"ನಾಳೆ ಅವನು ಎಲ್ಲೋ ಯಾರನ್ನೋ ಕೊಂದ ಅನ್ಕೋ. ಡಾಕ್ಟ್ರು ಏನಂತಾರೆ? ಸತ್ತವನ ಅಕ್ಕನೇ ಒಪ್ಪಿದ್ಲು ಅಂತಾರೆ. ಮಳೆ ಬಂದಾಗ ನೆನೆಯೋದು ಕೊಡೆ, ಹಿಡ್ಕೊಂಡೋರಲ್ಲ. ಆಮೇಲೆ ಆ ಸತ್ತ ಇನ್ನೊಬ್ಬನ ತಾಯಿ ನಮ್ಮನೆ ಬಾಗಿಲಿಗೆ ಬರ್ತಾಳೆ, ನೀನ್ಯಾಕೆ ಒಪ್ಪಿದೆ ಅಂತ ಕೇಳೋಕೆ."

ಡೆಲ್ಬರ್ಟ್ ಬಾಯಿ ತೆರೆಯುವಷ್ಟರಲ್ಲಿ ಹೇಗುಡ್ ಕೈ ಎತ್ತಿದರು. ಅವರ ಮುಖ ಕೆಂಪಾಗಿತ್ತು, ಸಿಟ್ಟಿನಿಂದಲ್ಲ.

"ನಿಜ" ಎಂದರು. "ಅದನ್ನ ಬೇರೆ ಹೆಸರಿಂದ ಕರೀತಿದ್ದೆ ನಾನು. ಮರ್ಯಾದೆ ಅಂತ. ಕುಟುಂಬದವರ ಅನುಮತಿ ಕೇಳೋದು ಮರ್ಯಾದೆ ಅಂತ."

"ಮರ್ಯಾದೆ ಕೇಳೋದ್ರಲ್ಲಿದೆ. ಪಕ್ಕದಲ್ಲಿ ನಿಲ್ಲಿಸ್ಕೊಳ್ಳೋದ್ರಲ್ಲಿ ಬೇರೆ ಏನೋ ಇದೆ."

"ಹಾಗಾದ್ರೆ ನಿಮ್ಮ ಉತ್ತರ ಬೇಡ ಅಂತಲೇ?"

ಅರ್ವೆಲಾ ಕುರ್ಚಿಯ ತುದಿಯಲ್ಲಿ ಕೂತಳು. ಹಜಾರದಾಚೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳಿಸುತ್ತಿತ್ತು. ಇಲ್ಲಿ ಬೇಡ ಎಂಬ ಒಂದು ಮಾತಾಡಿದರೆ ಆ ಸದ್ದು ಅಲ್ಲೇ, ಹಾಗೇ, ಇನ್ನೆಷ್ಟು ವರ್ಷವೋ ನಡೆಯುತ್ತದೆ. ಗೇಲನ್ ಸರಿ ಮಾಡಿದೆ ಅನ್ನುತ್ತಾನೆ. ಊರಿನವರೂ ಅನ್ನುತ್ತಾರೆ.

"ಅವನನ್ನ ಒಂದು ಪ್ರಶ್ನೆ ಕೇಳಿದೆ" ಎಂದಳು. "ಸುಳ್ಳು ಹೇಳಿದ್ರೆ ಅವನಿಗೆ ಲಾಭ ಇತ್ತು. ಆ ಸುಳ್ಳನ್ನ ನಾನೇ ರೊಟ್ಟಿ ಸುಟ್ಟಂಗೆ ಸುಟ್ಟು ತಟ್ಟೆಗೆ ಹಾಕಿ ಕೊಟ್ಟಿದ್ದೆ. ಅವನು ಮುಟ್ಟಲಿಲ್ಲ. ನನಗೆ ಗೊತ್ತಿರೋದು ಅಷ್ಟು. ಅವನು ನಾಳೆ ಏನು ಮಾಡ್ತಾನೋ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಆ ಗೊತ್ತಿಲ್ಲದೆ ಇರೋದನ್ನ ಹೊರೋಕೆ ಅಂತಲೇ ನಿಮ್ಮನ್ನ ಆ ಕುರ್ಚೀಲಿ ಕೂರಿಸಿರೋದು. ನಾನು ಬೇಡ ಅನ್ನಲ್ಲ ಡಾಕ್ಟ್ರೇ. ಪಕ್ಕದಲ್ಲಿ ನಿಲ್ಲೋದೂ ಇಲ್ಲ. ಸಹಿ ಹಾಕೋದಾದ್ರೆ ಒಬ್ಬರೇ ಹಾಕಿ."

"ಒಬ್ಬರೇ ಹಾಕಿದ್ರೆ ಮುಗೀತು ಸಾಹೇಬ್ರೇ" ಎಂದ ಡೆಲ್ಬರ್ಟ್, ಅಳುಕಿನಿಂದ.

"ಹೌದು ಡೆಲ್ಬರ್ಟ್. ನನಗೂ ಕೇಳಿಸ್ತು."

ಮರಳುವ ದಾರಿಯುದ್ದಕ್ಕೂ ಡೆಲ್ಬರ್ಟ್ ಮುಖ ಊದಿಸಿಕೊಂಡಿದ್ದ. ಜಿಲ್ಲೆಯ ಗಡಿ ದಾಟಿದ ಮೇಲೆ, "ಊರಲ್ಲಿ ಕೇಳಿದ್ರೆ ಏನಂತ ಹೇಳಲಿ?" ಎಂದ.

"ನನಗೇನಿಲ್ಲ, ಜನ ಒಪ್ಪಲ್ಲ ಅಂತ ಹೇಳು" ಎಂದಳು ಅರ್ವೆಲಾ. ಅವನು ತಡೆದುಕೊಂಡ, ಆಮೇಲೆ ಸ್ಟಿಯರಿಂಗ್ ಮೇಲೆ ಕೈ ಬಡಿದು ನಕ್ಕುಬಿಟ್ಟ.

ಹೇಗುಡ್ ಜುಲೈಯಲ್ಲಿ ಸಹಿ ಹಾಕಿದರು, ಒಬ್ಬರೇ. ಟೀವಿಯಲ್ಲಿ ಎರಡು ಮಾತು ಹೇಳಿದರು. ಅವುಗಳಲ್ಲಿ ಅರ್ವೆಲಾ ಹೆಸರಿರಲಿಲ್ಲ. ಅದರ ಜೊತೆಗೆ, ಜೈಲು ಹೊಲದಲ್ಲಿದ್ದ ಇನ್ನೂ ಕೆಲವರ ಮುಖ ನೋಡಿ ಬರಲು ಅವರು ಹೋಗಿದ್ದರು ಎಂಬ ಸುದ್ದಿಯೂ ಬಂತು. ಅದು ಅವರಿಗೆ ಇನ್ನಷ್ಟು ಕೆಟ್ಟದ್ದಾಯಿತು. ಎದುರಾಳಿಯವರು ಮುಚ್ಚಿಹೋದ ಹೋಬರ್ಟನ ಅಂಗಡಿಯ ಚಿತ್ರ ಹಿಡಿದು ಜಾಹೀರಾತು ಮಾಡಿದರು. ಮುಂದೆ ಹುಲ್ಲು ಬೆಳೆದ ಪೆಟ್ರೋಲು ಪಂಪು, ಮೇಲೆ ಕಪ್ಪು ಮೋಡ, ಹಿಂದೆ ಗಡಸು ದನಿಯ ಗಂಡಸೊಬ್ಬ. ನಾಳೆ ನಿಮ್ಮ ತಮ್ಮ? ಎಂದು ಆ ದನಿ ಕೇಳುತ್ತಿತ್ತು. ಟೀವಿಯ ಹುಡುಗಿಯೊಬ್ಬಳು ಕೋಳಿ ಶೆಡ್ಡಿನವರೆಗೂ ಬಂದು ಮೈಕು ಹಿಡಿದು, "ನೀವು ಅವನನ್ನ ಕ್ಷಮಿಸಿದ್ರಾ?" ಎಂದು ಕೇಳಿದಳು.

"ಅದು ನನ್ನ ಅವನ ಮಧ್ಯದ್ದು. ಗವರ್ನರ್ ನನ್ನ ಅದನ್ನ ಕೇಳಲಿಲ್ಲ" ಎಂದಳು ಅರ್ವೆಲಾ. "ಅಡ್ಡಿ ಇದೆಯಾ ಅಂತ ಕೇಳಿದ್ರು. ಇಲ್ಲ ಅಂದೆ. ಉಳಿದದ್ದು ಅವರದು." ಆಮೇಲೆ, "ಆ ಮೋಡ ನಿಜವಾಗಿ ಇತ್ತಾ, ಅಥವಾ ನೀವೇ ಹಾಕ್ತೀರಾ?" ಎಂದು ಕೇಳಿದಳು.

ನವೆಂಬರಿನಲ್ಲಿ ಗಂಡ ಹೆಂಡತಿ ಒಂದೇ ಪಿಕಪ್ಪಿನಲ್ಲಿ ಹೋಗಿ ಓಟು ಹಾಕಿ ಬಂದರು. ಗೇಲನ್ ಜೀವಮಾನವೆಲ್ಲ ಹೇಗುಡ್ ಅವರ ಪಕ್ಷಕ್ಕೇ ಹಾಕುತ್ತಿದ್ದವನು, ಆವತ್ತು ಹಾಕಲಿಲ್ಲ. ಅರ್ವೆಲಾ ಯಾವತ್ತೂ ಹಾಕದವಳು, ಆವತ್ತು ಹಾಕಿದಳು.

"ನಿನ್ನ ಓಟು ನನ್ನ ಓಟನ್ನ ತಿಂದು ಹಾಕ್ತು" ಎಂದ ಗೇಲನ್.

"ಹೋದ ಸಲವೂ ಹಂಗೇ ತಿಂದಿತ್ತು. ಈ ಸಲ ಬಾಯಿ ಬದಲಾಯಿಸಿದೀವಿ, ಅಷ್ಟೆ."

ಹೇಗುಡ್ ಸೋತರು, ಕೂದಲೆಳೆಯಷ್ಟರಲ್ಲಿ. ಕ್ಲೀಟಸ್‌ನಿಂದ ಸೋತರೋ, ಡೀಸೆಲ್ ಮೇಲೆ ಹಾಕಿದ ತೆರಿಗೆಯಿಂದ ಸೋತರೋ ಎಂಬ ವಾದ ದನದ ಹರಾಜಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಫೆಬ್ರುವರಿಯ ಒಂದು ಬೆಳಗ್ಗೆ ಗೇಲನ್‌ನ ಕೆಂಪು ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು. ಊರಿನ ದನದ ಡಾಕ್ಟರು ಬೇರೆಲ್ಲೋ ಹೋಗಿದ್ದ. ಗೇಲನ್ ಸ್ವಲ್ಪ ಹೊತ್ತು ಅಂಗಳದಲ್ಲಿ ಅತ್ತಿಂದಿತ್ತ ನಡೆದಾಡಿ, ಕೊನೆಗೆ ಹೆಂಡತಿಯ ಮುಖ ನೋಡದೆ ಫೋನು ಮಾಡಿದ. ಹಳೆಯ ಡಾಕ್ಟರ್ ಕೆಲಸಕ್ಕೆ ಮರಳಿದ್ದ ಹೇಗುಡ್ ಹಳೆಯ ಟ್ರಕ್ಕಿನಲ್ಲಿ ಬಂದಿಳಿದರು. ಬೆಲ್ಟು ಮತ್ತೆ ಹಳೆಯ ತೂತಿಗೆ ಬಂದಿತ್ತು. ಗೇಲನ್ ಜೊತೆ ಕೈಕುಲುಕಿದರು. ಓಟಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ್ದ ರೇಡಿಯೋ ತನ್ನ ಪಾಡಿಗೆ ಮಾತಾಡುತ್ತಿತ್ತು. ಹೇಗುಡ್ ತೋಳಿಗೆ ಸಾಬೂನು ಹಚ್ಚಿಕೊಂಡು, ಹಸುವಿನ ಹಿಂದೆ ಮೊಣಕಾಲೂರಿದರು. ಅರ್ವೆಲಾ ಕರುವಿನ ಕಾಲಿಗೆ ಕಟ್ಟಿದ ಹಗ್ಗ ಹಿಡಿದು ಪಕ್ಕದಲ್ಲಿ ನಿಂತಳು. ಆಗ ಸುದ್ದಿ ಬಂತು: ರಾಜ್ಯದ ದಕ್ಷಿಣದ ಒಂದು ಊರಿನಲ್ಲಿ, ರಸ್ತೆಬದಿಯ ಅಂಗಡಿಯಲ್ಲಿ, ಒಬ್ಬನಿಗೆ ಗುಂಡು.

ಹಗ್ಗ ಎಳೆಯುತ್ತಿದ್ದ ಅರ್ವೆಲಾಳ ಕೈ ನಿಂತಿತು. ಏಳು ತಿಂಗಳಿಂದ ಇದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಪಾತ್ರೆ ತೊಳೆಯುತ್ತಿರಲಿ, ಮೇವು ಸುರಿಯುತ್ತಿರಲಿ, ಇಂಥ ಸುದ್ದಿ ಬಂದರೆ ಹೆಸರು ಬರುವವರೆಗೆ ಕೈ ಆಡುತ್ತಿರಲಿಲ್ಲ. ಅಷ್ಟೆಲ್ಲ ಕೊಡೆ, ಮಳೆ ಎಂದು ಹೇಳಿ ಹೊರಗೆ ಬಂದರೂ ಹನಿ ತಪ್ಪಿರಲಿಲ್ಲ.

ಕೆಳಗೆ ನೋಡಿದಳು. ಹೇಗುಡ್ ಅವರ ತೋಳೂ ಹಸುವಿನೊಳಗೆ ಅಲುಗಾಡದೆ ನಿಂತಿತ್ತು. ಕುತ್ತಿಗೆ ರೇಡಿಯೋದ ಕಡೆ ತಿರುಗಿತ್ತು.

ಹೆಸರು ಬಂತು. ಯಾರೋ ಬೇರೆಯವನು, ಹತ್ತೊಂಬತ್ತರ ಹುಡುಗ.

"ನೀವೂನಾ?" ಎಂದಳು ಅರ್ವೆಲಾ.

"ದಿನಾ" ಎಂದರು ಹೇಗುಡ್.

"ಎಲ್ಲಿದಾನೆ ಅವನು ಈಗ?"

"ನದಿಯಾಚೆ, ಲಾರಿಯವರು ನಿಲ್ಲೋ ಒಂದು ಹೋಟೆಲಿನಲ್ಲಿ. ಬೆಳಗಿನ ಪಾಳಿ. ವಾರಕ್ಕೊಂದು ಸಲ ಫೋನು ಮಾಡ್ತಾನೆ. ಅವನೂ ರೇಡಿಯೋ ಕೇಳ್ತಾನಂತೆ. ಎಲ್ಲಾದ್ರೂ ಹೀಗೇನಾದ್ರೂ ಆದ್ರೆ, ನಾನಲ್ಲ ಸಾರ್ ಅಂತ ಹೇಳೋಕೂ ಮಾಡ್ತಾನೆ."

"ನೀವೇನಂತೀರಾ?"

"ಗೊತ್ತಪ್ಪ ಅಂತೀನಿ. ಗೊತ್ತಿರಲ್ಲ. ಆದ್ರೂ ಅಂತೀನಿ."

ಅರ್ವೆಲಾ ತಲೆಯಾಡಿಸಿದಳು. ಇನ್ನೊಂದು ಕೇಳುವುದಿತ್ತು. "ಆ ಕುರ್ಚಿ ಮತ್ತೆ ಸಿಕ್ಕಿದ್ರೆ, ಡಾಕ್ಟ್ರೇ?"

ಹೇಗುಡ್ ಯೋಚಿಸಿದರು. ಹಸು ಒಮ್ಮೆ ನರಳಿತು.

"ಮೊದಲನೇ ವರ್ಷವೇ ಶುರು ಮಾಡ್ತೀನಿ" ಎಂದರು. "ಅಡುಗೆಮನೆಯಿಂದಲ್ಲ. ಹತ್ತಿ ಹೊಲದಿಂದ."

ಹಸುವಿನ ತಲೆ ಹಿಡಿದುಕೊಂಡಿದ್ದ ಗೇಲನ್ ಇಬ್ಬರನ್ನೂ ನೋಡಿದ.

"ನೀವಿಬ್ರೂ ರಾಜ್ಯ ಆಳಿದ್ದು ಮುಗಿದಿದ್ರೆ ಆ ಹಗ್ಗ ಎಳೀರಿ" ಎಂದ. "ಕರು ಎಲೆಕ್ಷನ್ನಿಗೆ ಕಾಯಲ್ಲ."

ಅರ್ವೆಲಾ ಕಾಲು ಊರಿ, ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಎಳೆದಳು.